ತಾಳ ತಪ್ಪಿತೆಂಬ ಮಾತು

ನಮ್ಮ ಪಾಠಶಾಲೆಯ ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡತಕ್ಕದ್ದೆಂಬುದು ವಾಡಿಕೆ. ಆ ಲೇಖನದಲ್ಲಿ ಶಿಸ್ತು, ಶುಚಿತ್ವ, ಪರೀಕ್ಷೆಯ ಫಲಿತಾಂಶ ಇವುಗಳ ವಿಷಯವಾಗಿ ನಾಲ್ಕು ಮಾತುಗಳಿರುವುವೆಂದು ವಾಚಕರು ಮೊದಲೇ ಬಲ್ಲರು. ಹಾಗೆ ಬಲ್ಲವರು ಹಾಳೆಯನ್ನು ಮಗುಚಿ ಮುಂದಿನ ಛಾಯಾಚಿತ್ರಗಳಿಗೆ ಹೋಗುವುದನ್ನೂ ನಾವು ಕಂಡಿದ್ದೇವೆ. ಈ ಸಲ ನಾವು ಒಂದು ಚಪ್ಪಾಳೆಯ ವಿಷಯವಾಗಿ ಬರೆಯಬೇಕೆಂದಿದ್ದೇವೆ. ಶಿಸ್ತಿನ ಮಾತು ಇದರಲ್ಲಿಯೂ ಇಲ್ಲದಿಲ್ಲ. ಆದರೆ ಶಿಸ್ತು ತಪ್ಪಿದವರು ಯಾರೆಂಬುದನ್ನು ವಾಚಕರೇ ನಿರ್ಣಯಿಸಬೇಕು.

ಹೋದ ವರ್ಷದ ವಾರ್ಷಿಕೋತ್ಸವಕ್ಕಾಗಿ ಎಂಟನೆಯ ತರಗತಿಯ ಹುಡುಗಿಯರು ಒಂದು ಸಮೂಹಗಾನವನ್ನು ಅಭ್ಯಾಸಮಾಡುತ್ತಿದ್ದರು. ಹಾರ್ಮೋನಿಯಂ ನುಡಿಯುತ್ತಿತ್ತು, ನಲವತ್ತು ಜೊತೆ ಕೈಗಳು ಒಟ್ಟಿಗೆ ಚಪ್ಪಾಳೆ ಹಾಕುತ್ತಿದ್ದುವು. ಜಗಲಿಯಲ್ಲಿ ಹೋಗುತ್ತಿದ್ದ ನಾವು ಬಾಗಿಲಲ್ಲಿ ನಿಂತು ಕೇಳಿದೆವು. ಅಷ್ಟು ಕೈಗಳ ನಡುವೆ ಒಂದು ಜೊತೆ ಮಾತ್ರ, ಉಳಿದವರ ಚಪ್ಪಾಳೆ ಬೀಳದೆ ಇದ್ದ ಎಡೆಯಲ್ಲಿ ಬೀಳುತ್ತಿತ್ತು. ಸಂಗೀತದ ಉಪಾಧ್ಯಾಯಿನಿಯವರು ಹಾಡನ್ನು ನಿಲ್ಲಿಸಿ, “ತಾಳ ತಪ್ಪುತ್ತಿರುವವರು ಯಾರು?” ಎಂದು ಕೇಳಿದರು. ಎಲ್ಲರ ಮುಖಗಳೂ ಮೂರನೆಯ ಸಾಲಿನ ಒಬ್ಬ ಹುಡುಗಿಯ ಕಡೆಗೆ ತಿರುಗಿದುವು. ನಾವೂ ಒಳಗೆ ಹೋಗಿ, “ಗಮನವಿಟ್ಟು ಹಾಡಬೇಕಮ್ಮಾ, ಒಬ್ಬಳಿಂದ ಎಲ್ಲರ ಹಾಡೂ ಕೆಡುತ್ತದೆ” ಎಂದು ಬುದ್ಧಿ ಹೇಳಿದೆವು. ಅವಳನ್ನು ಹಿಂದಿನ ಸಾಲಿಗೆ ಕಳುಹಿಸಿದ್ದಾಯಿತು. ಉಳಿದ ಹೊತ್ತೆಲ್ಲ ಆ ಮಗು ಎರಡು ಕೈಗಳನ್ನೂ ಲಂಗದ ನೆರಿಗೆಯೊಳಗೆ ಅಡಗಿಸಿಕೊಂಡು ಹಾಡಿತು.

ಮೂರು ನಾಲ್ಕು ದಿನಗಳಾದ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ನಾವು ಹಿತ್ತಿಲ ಕಡೆಯ ಮೆಟ್ಟಿಲ ಬಳಿ ಬಂದಾಗ ಏನೋ ಸದ್ದು ಕೇಳಿಸಿತು. ಅದೇ ಹುಡುಗಿಯು ಊಟದ ಡಬ್ಬಿಯ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬೆರಳುಗಳಿಂದ ಬಾರಿಸುತ್ತಿದ್ದಳು. ನಾಲ್ವರು ಗೆಳತಿಯರು ಕುಣಿಯುತ್ತಿದ್ದರು. ಬಾಲ್ಯದಲ್ಲಿ ನಾಲ್ಕು ವರ್ಷ ಹಾಡುಗಾರಿಕೆಯನ್ನು ಕಲಿತ ನಮಗೆ ಕೈಬೆರಳಿನಲ್ಲಿ ತಾಳ ಎಣಿಸುವ ಅಭ್ಯಾಸವು ಹೋಗಿಲ್ಲ. ಕಂಬದ ಮರೆಯಲ್ಲಿ ನಿಂತು ಎಣಿಸಿದೆವು. ಎಂಟು ಎಣಿಕೆಯ ಆವರ್ತವು ಹತ್ತು ಹನ್ನೆರಡು ಸಲ ಸುತ್ತಿತು. ಪ್ರತಿ ಆವರ್ತದ ಕೊನೆಯಲ್ಲಿಯೂ ಅವಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮೊದಲ ಎಣಿಕೆಗೆ ಬಂದು ಸೇರುತ್ತಿದ್ದಳು. ಎಣಿಸುತ್ತಿದ್ದ ನಾವೇ ಎರಡು ಸಲ ತಪ್ಪಿದೆವು.

ಅವಳು ಮಾಡುತ್ತಿದ್ದುದು ಇಷ್ಟೇ. ಎಂಟು ಎಣಿಕೆಗಳನ್ನು ನಾವು ನಾಲ್ಕು ನಾಲ್ಕಾಗಿಯೋ ಎರಡು ಎರಡಾಗಿಯೋ ಪಾಲುಮಾಡಿಕೊಳ್ಳುವೆವಷ್ಟೆ. ಅವಳು ಅದನ್ನು ಮೂರು, ಮೂರು, ಎರಡು ಎಂದು ಪಾಲುಮಾಡಿದ್ದಳು. ಮೃದಂಗದವರ ಜತಿಯಲ್ಲಿ ಹೇಳುವುದಾದರೆ ‘ತಕಿಟ ತಕಿಟ ತಕ’. ವಾಚಕರು ಎಡಗೈಯಿಂದ ತೊಡೆಯ ಮೇಲೆ ಒಂದು, ಮೂರು, ಐದು, ಏಳನೆಯ ಎಣಿಕೆಗಳನ್ನು ಸಮನಾಗಿ ತಟ್ಟುತ್ತ, ಬಲಗೈಯಿಂದ ಒಂದು, ನಾಲ್ಕು, ಏಳನೆಯ ಎಣಿಕೆಗಳನ್ನು ಮಾತ್ರ ತಟ್ಟಿ ನೋಡಲಿ. ಒಂದರಲ್ಲಿ ಎರಡು ಕೈಗಳೂ ಕೂಡುತ್ತವೆ. ನಾಲ್ಕರಲ್ಲಿ ಬಲಗೈಯು ಎಡಗೈಯ ಎರಡು ಪೆಟ್ಟುಗಳ ನಡುವೆ ಒಂಟಿಯಾಗಿ ಬೀಳುತ್ತದೆ. ಏಳರಲ್ಲಿ ಮತ್ತೆ ಕೂಡುತ್ತವೆ. ಈ ನಡುವಣ ಒಂಟಿ ಪೆಟ್ಟೇ ಕಾಲುಗಳನ್ನು ಕುಣಿಸುವಂಥದು. ಪಾಶ್ಚಾತ್ಯರು ಇದನ್ನು ಸಿಂಕೊಪೇಶನ್ ಎಂದು ಕರೆಯುತ್ತಾರೆ. ಬಲವಾದ ಪೆಟ್ಟು ಎಲ್ಲಿ ಬೀಳುವುದೆಂದು ಕಿವಿಯು ಕಾದಿರುವುದೋ ಅಲ್ಲಿ ಬೀಳದೆ, ಕಾದಿಲ್ಲದ ಎಡೆಯಲ್ಲಿ ಬೀಳುವುದು ಅದರ ಲಕ್ಷಣ. ಹೀಗೆ ಬಾರಿಸಬೇಕಾದರೆ, ಬೀಳದ ಪೆಟ್ಟು ಮನಸ್ಸಿನೊಳಗೆ ತಪ್ಪದೆ ಬೀಳುತ್ತಲೇ ಇರಬೇಕು. ಎಲ್ಲರೊಡನೆ ಚಪ್ಪಾಳೆ ಹಾಕುವವಳಿಗೆ ಪಕ್ಕದವಳ ಕೈ ಆಸರೆ. ನಡುವೆ ಚಪ್ಪಾಳೆ ಹಾಕುವವಳಿಗೆ ಅಂಥ ಆಸರೆಯಿಲ್ಲ.

“ಇದನ್ನು ಎಲ್ಲಿ ಕಲಿತೆ?” ಎಂದು ಕೇಳಿದೆವು. ಹುಡುಗಿಯು ಥಟ್ಟನೆ ಎದ್ದು ನಿಂತಳು. “ನಮ್ಮ ತಾತ ತಮಟೆ ಬಾರಿಸ್ತಾರೆ, ಅಮ್ಮಾ. ಅಪ್ಪನಿಗೆ ಹೇಳ್ಬೇಡಿ” ಎಂದಳು. ಈ ಎರಡನೆಯ ಮಾತಿನ ಅರ್ಥವು ನಮಗೆ ಆಗ ತಿಳಿಯಲಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು, ಅವಳ ಚಪ್ಪಾಳೆಗೆ ನಮ್ಮ ಶಾಸ್ತ್ರದಲ್ಲಿ ಇರುವ ಸ್ಥಾನವನ್ನು ಹೇಳಬೇಕು. ತಾಳದ ದಶಪ್ರಾಣಗಳಲ್ಲಿ ಗ್ರಹವೆಂಬುದು ಒಂದು. ತಾಳದ ಮೊದಲ ಪೆಟ್ಟಿನೊಡನೆಯೇ ಹಾಡು ಆರಂಭವಾದರೆ ಸಮಗ್ರಹ. ಹಾಡು ಮುಂಚೆ ಹೊರಟು ತಾಳವು ಆಮೇಲೆ ಬಂದರೆ ಅತೀತ. ತಾಳವು ಹೊರಟ ಮೇಲೆ ಹಾಡು ಹಿಂದಿನಿಂದ ಬಂದು ಸೇರಿದರೆ ಅನಾಗತ. ಹದಿಮೂರನೆಯ ಶತಮಾನದ ಸಂಗೀತರತ್ನಾಕರದಲ್ಲಿಯೇ ಈ ಹೆಸರುಗಳಿವೆ. ವಿದ್ವಾಂಸರು ಈಗ ಬಳಸುವ ‘ಎಡುಪು’ ಎಂಬ ಮಾತು ಹಾಡನ್ನು ಎತ್ತಿಕೊಳ್ಳುವ ಈ ಜಾಗವನ್ನೇ ಸೂಚಿಸುತ್ತದೆ. ತ್ಯಾಗರಾಜರ ಅನೇಕ ಕೃತಿಗಳು ಆದಿತಾಳದಲ್ಲಿ ಒಂದೂವರೆ ಎಣಿಕೆ ಕಳೆದ ಮೇಲೆ ಹೊರಡುತ್ತವೆ. ಅಂದರೆ, ಗಾಯಕಿಯು ತೊಡೆಯ ಮೇಲೆ ಒಂದು ಪೆಟ್ಟು ಹಾಕಿ, ಕಿರುಬೆರಳನ್ನು ಎಣಿಸಿ, ಉಂಗುರದ ಬೆರಳು ಬೀಳುವುದಕ್ಕೆ ಮುನ್ನ, ಎರಡು ಬೆರಳುಗಳ ನಡುವಣ ಬಯಲಿನಲ್ಲಿ ಬಾಯಿ ತೆರೆಯಬೇಕು. ಅಲ್ಲಿಯವರೆಗೆ ಕೈ ಮಾತ್ರ ನಡೆಯುತ್ತದೆ, ಬಾಯಿ ಮೌನ. ಈ ಮೌನವನ್ನು ಸರಿಯಾಗಿ ಅಳೆಯುವುದಕ್ಕೆ ವರ್ಷಗಳು ಬೇಕಾಗುವುವೆಂಬುದನ್ನು ಕಲಿತವರೆಲ್ಲ ಬಲ್ಲರು. ಧಾರವಾಡ, ಹುಬ್ಬಳ್ಳಿಯ ಕಡೆಯ ಹಿಂದೂಸ್ತಾನೀ ಗಾಯಕರಂತೂ ತೀನ್‌ತಾಳದ ಹದಿನಾರು ಮಾತ್ರೆಗಳಲ್ಲಿ ಒಂಬತ್ತನೆಯದಕ್ಕೆ ‘ಖಾಲಿ’ ಎಂದೇ ಹೆಸರಿಟ್ಟು, ಅಲ್ಲಿ ಚಪ್ಪಾಳೆಯ ಬದಲು ಬರಿಗೈಯನ್ನು ಬೀಸುತ್ತಾರೆ.

ಹೀಗಿರಲಾಗಿ, ನಮ್ಮ ಶಾಲೆಗಳಲ್ಲಿ ಕಲಿಯುವ ಹುಡುಗಿಯರಿಗೆ ಇದರ ಗಂಧವೂ ಏಕೆ ಸೋಕುವುದಿಲ್ಲ? ನಮ್ಮ ಪಾಠಕ್ರಮವನ್ನು ನೋಡಿದರೆ ಕಾರಣವು ತಿಳಿಯುವುದು. ಪುರಂದರದಾಸರು (1484–1564) ಹಾಕಿಕೊಟ್ಟರೆಂದು ಪ್ರತೀತಿಯುಳ್ಳ ಅಭ್ಯಾಸಕ್ರಮದಲ್ಲಿ ಸರಳೆ, ಜಂಟಿವರಸೆ, ಅಲಂಕಾರ, ಗೀತೆ ಇವೆಲ್ಲವೂ ಸಮಗ್ರಹದಲ್ಲಿಯೇ ಆರಂಭವಾಗುತ್ತವೆ. ಎಳೆಯ ಮಕ್ಕಳಿಗೆ ಅದು ಉಚಿತವೇ ಸರಿ. ತಾಳವು ಕೈಯಲ್ಲಿ ಕುಳಿತ ಮೇಲೆ ಕೃತಿಗಳೂ ದೇವರನಾಮಗಳೂ ಬಂದು, ಅವುಗಳೊಡನೆ ಅರ್ಧ, ಒಂದೂವರೆ ಮುಂತಾದ ಎಡುಪುಗಳು ಬರುತ್ತವೆ. ಶಾಲೆಗಳ ಹುಡುಗಿಯರಾದರೋ ಬಹುಮಟ್ಟಿಗೆ ಅಲಂಕಾರದಲ್ಲಿಯೇ ನಿಲ್ಲುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆಯು ಹತ್ತಿರವಾದಂತೆ ಸಂಗೀತದ ಅವಧಿಗೆ ಗಣಿತವು ಬಂದು ಕೂರುತ್ತದೆ. (ಈ ಅಪರಾಧವನ್ನು ನಾವೂ ಮಾಡಿದ್ದೇವೆ.) ಹೀಗೆ ಮೆಟ್ಟಿಲು ಹತ್ತಿಸಿ ಬಾಗಿಲ ಮುಂದೆ ನಿಲ್ಲಿಸಿ ಹಿಂದಕ್ಕೆ ಕಳುಹಿಸುತ್ತೇವೆ. ಅವರ ಕಿವಿಯಲ್ಲಿ ಉಳಿಯುವುದು ಒಂದೇ ನಿಯಮ: ಪೆಟ್ಟಿನೊಡನೆ ಬಿದ್ದುದು ಸರಿ, ನಡುವೆ ಬಿದ್ದುದು ತಪ್ಪು.

ಮಿಶನ್ ಶಾಲೆಗಳವರಾದ ನಮಗೆ ಇದರ ಜೊತೆಗೆ ಇನ್ನೊಂದು ತೊಡಕು ಇದೆ. ನಮ್ಮ ಹಾಡುಗಳಲ್ಲಿ ಅನೇಕವು ಕಡಲಾಚೆಯ ರಾಗಗಳಿಗೆ ಕನ್ನಡ ಮಾತುಗಳನ್ನು ಹೊಂದಿಸಿದಂಥವು. ಇಂಗ್ಲಿಷ್ ವಾಕ್ಯವು ಬಹಳ ಸಲ ಭಾರವಿಲ್ಲದ ಒಂದು ಸಣ್ಣ ಮಾತಿನಿಂದ ಆರಂಭವಾಗುವುದರಿಂದ, ಆ ರಾಗಗಳಲ್ಲಿ ಮೊದಲಕ್ಷರವು ಪೆಟ್ಟಿಗೆ ಮುಂಚೆಯೇ ಹಗುರವಾಗಿ ಬಂದುಹೋಗಿ, ಭಾರವು ಎರಡನೆಯದರ ಮೇಲೆ ಬೀಳುತ್ತದೆ. ‘ಅಮೇಜಿಂಗ್ ಗ್ರೇಸ್’ ಎಂಬ ಪ್ರಸಿದ್ಧ ಗೀತೆಯು ಹಾಗೆಯೇ ಹೊರಡುವುದು. ಅದರ ಭಾಷೆಯಲ್ಲಿ ಅದು ಸೊಗಸು. ಕನ್ನಡದಲ್ಲಿ ಅಂಥ ಹಗುರವಾದ ಮುಂಮಾತು ಇಲ್ಲ. ಮೊದಲಕ್ಷರದಿಂದಲೇ ಮಾತಿನ ತಿರುಳು ಆರಂಭವಾಗುತ್ತದೆ. ಮೇಲಾಗಿ ಹ್ರಸ್ವ ದೀರ್ಘಗಳು ಬದಲಾದರೆ ಅರ್ಥವೇ ಬದಲಾಗುತ್ತದೆ. ಹೊಂದಿಕೆಯು ತಪ್ಪಿದ ಕಡೆ ‘ಕರುಣೆ’ಯು ‘ಕರೂಣೆ’ಯಾಗುವುದನ್ನು ಕೇಳಿ ಕೇಳಿ ನಮ್ಮ ಕಿವಿಯು ಒಗ್ಗಿಹೋಗಿದೆ. ಒಂದು ಹಾಡಿನಲ್ಲಿ ‘ಬಲ’ವೆಂಬ ಮಾತಿನ ಮೊದಲಕ್ಷರಕ್ಕೆ ಉದ್ದನೆಯ ಸ್ವರವು ಬಿದ್ದು, ಮಕ್ಕಳು ದೇವರಲ್ಲಿ ಬಲವನ್ನು ಬೇಡುವ ಬದಲು ‘ಬಾಲ’ವನ್ನು ಬೇಡುತ್ತಿದ್ದರು! ಐದನೆಯ ತರಗತಿಯವರು ಆ ಸಾಲು ಬಂದಾಗಲೆಲ್ಲ ಏಕೆ ನಗುತ್ತಾರೆಂಬುದು ನಮಗೆ ಎರಡು ವರ್ಷ ಹೊಳೆಯಲೇ ಇಲ್ಲ.

ಈ ತೊಡಕನ್ನು ಹಿಂದಿನವರು ಕಾಣದೆ ಇರಲಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯೆಂಬ ಹೆಸರಿನಿಂದ ಬರೆದರು; 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಅಚ್ಚುಹಾಕಿಸಿದರು. ನಿಘಂಟಿನ ಕಿಟ್ಟೆಲರನ್ನು ಎಲ್ಲರೂ ಬಲ್ಲರು. ಛಂದಸ್ಸಿನ ಕಿಟ್ಟೆಲರನ್ನು ಬಲ್ಲವರು ಕಡಮೆ. ಕನ್ನಡದ ನಡಿಗೆಯು ಸಪ್ಪಟೆಯಾದ ನಾಲ್ಕು ನಾಲ್ಕರದಲ್ಲ. ಕುಮಾರವ್ಯಾಸನ ಭಾಮಿನೀಷಟ್ಪದಿಯನ್ನು ತೆಗೆದುಕೊಳ್ಳಿರಿ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ‘ತಕಿಟ ತಕಧಿಮಿ’ ಎಂದು ಹೇಳುತ್ತ ಓದಿದರೆ ಅದು ಮಿಶ್ರಚಾಪು ತಾಳದ ಏಳು ಎಣಿಕೆಗೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಕುಂಟುವಂತೆ ತೋರಿ ಕುಂಟದ ಈ ನಡೆಯನ್ನು ಕನ್ನಡ ಕಿವಿಯು ಐದಾರು ಶತಮಾನಗಳಿಂದ ಕೇಳುತ್ತ ಬಂದಿದೆ. ಭಾರತ ವಾಚನವನ್ನು ಕೇಳಿ ತಲೆದೂಗುವ ನಾವು, ಒಬ್ಬ ಹುಡುಗಿಯ ಮೂರು ಮೂರು ಎರಡನ್ನು ಕೇಳಿ ಬೆಚ್ಚಿದೆವು!

ಇಷ್ಟು ತಿಳಿದ ಮೇಲೆ ನಾವು ಉತ್ಸಾಹದಿಂದ ಇನ್ನೊಂದು ತಪ್ಪನ್ನು ಮಾಡಿದೆವು. ವಾರ್ಷಿಕೋತ್ಸವದಲ್ಲಿ ಆ ಹುಡುಗಿಯು ತನ್ನ ತಾತನ ತಮಟೆಯನ್ನು ತಂದು ಬಾರಿಸಲೆಂದು ಹೇಳಿ ಕಳುಹಿಸಿದೆವು. ಮಾರನೆಯ ದಿನವೇ ಅವಳ ತಂದೆಯವರು, ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ, ನಮ್ಮ ಕೊಠಡಿಗೆ ಬಂದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ. ಅವರು ಹೇಳಿದ ಮಾತುಗಳನ್ನು ಅವರ ನುಡಿಯಲ್ಲಿಯೇ ಬರೆಯುತ್ತೇವೆ: “ಅಮ್ಮಾವ್ರೇ, ಊರಲ್ಲಿ ಹಬ್ಬವಾದ್ರೂ ಸಾವಾದ್ರೂ ಕರೆದಾಗ ನಮ್ಮಪ್ಪ ಹೋಗಿ ಬಾರಿಸ್ಬೇಕಾಗಿತ್ತು. ಒಲ್ಲೆ ಅನ್ನೋ ಹಾಗಿರ್ಲಿಲ್ಲ. ಬಾರಿಸಿ ಮುಗಿಸಿದ ಮೇಲೆ ಊಟಕ್ಕೆ ಹೊರಗೇ ಕೂರ್ಬೇಕಾಗಿತ್ತು. ಅದನ್ನ ನನ್ನ ಮಗಳು ಮರೀಲಿ ಅಂತ್ಲೇ ಈ ಸ್ಕೂಲಿಗೆ ಸೇರಿಸಿದ್ದು. ನೀವು ಮತ್ತೆ ಅವಳ ಹೆಗಲಿಗೇ ಹಾಕ್ತೀರಾ?”

ನಮಗೆ ಉತ್ತರವು ತೋಚಲಿಲ್ಲ. ಅಪ್ಪನಿಗೆ ಹೇಳಬೇಡಿರೆಂದು ಮಗುವು ಬೇಡಿಕೊಂಡ ಕಾರಣವು ಆಗ ತಿಳಿಯಿತು. ಶಾಸ್ತ್ರದ ಅತೀತ ಅನಾಗತಗಳನ್ನು ಎಷ್ಟು ಓದಿದರೂ ಈ ಒಂದು ಪ್ರಶ್ನೆಗೆ ಅವುಗಳಲ್ಲಿ ಸಮಾಧಾನವಿಲ್ಲ. ತೊಗಲನ್ನು ಮುಟ್ಟುವ ಕೈಯನ್ನು ಮುಟ್ಟಬಾರದೆಂದ ಸಮಾಜವು ಆ ತೊಗಲಿನ ನಾದವಿಲ್ಲದೆ ಒಂದು ಮೆರವಣಿಗೆಯನ್ನೂ ಹೊರಡಿಸುತ್ತಿರಲಿಲ್ಲ. ಆ ಕಟ್ಟಿನಿಂದ ಬಿಡಿಸಿಕೊಂಡು ಬಂದವರಲ್ಲಿ ಕೆಲವರು ವಾದ್ಯವನ್ನೂ ಅಲ್ಲಿಯೇ ಬಿಟ್ಟು ಬಂದರು. ಬಂದವರನ್ನು ಬರಮಾಡಿಕೊಂಡ ನಾವು ಅವರ ಕೈಗೆ ಹಾಡಿನ ಪುಸ್ತಕವನ್ನು ಕೊಟ್ಟೆವು, ಹಾರ್ಮೋನಿಯಂ ಕೊಟ್ಟೆವು; ಬಿಟ್ಟು ಬಂದುದನ್ನು ಕುರಿತು ಕೇಳಲಿಲ್ಲ. ಮೋಶೆಯ ಅಕ್ಕ ಮಿರ್ಯಾಮಳು ಕೆಂಪು ಸಮುದ್ರವನ್ನು ದಾಟಿದ ಮೇಲೆ ಕೈಗೆ ತೆಗೆದುಕೊಂಡದ್ದು ದಮ್ಮಡಿಯೆಂಬ ತೊಗಲಿನ ವಾದ್ಯವನ್ನೇ ಎಂಬುದನ್ನು ವೇದಪಾಠದಲ್ಲಿ ಓದಿಸುತ್ತೇವೆ; ಓದಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ.

ಅದೇ ವಾರ ನಮಗೆ ಅಮೇರಿಕದ ಒಂದು ಮಿಶನ್ ಶಾಲೆಯ ಕಥೆಯು ನೆನಪಿಗೆ ಬಂದಿತು. ಆ ದೇಶಕ್ಕೆ ದಾಸರಾಗಿ ಒಯ್ಯಲ್ಪಟ್ಟ ಆಫ್ರಿಕದ ಜನರ ಮದ್ದಳೆಗಳನ್ನು ಯಜಮಾನರು ಭಯದಿಂದ ಕಿತ್ತುಕೊಂಡಿದ್ದರು. 1739ರಲ್ಲಿ ದಕ್ಷಿಣ ಕೆರೊಲೈನಾ ಪ್ರಾಂತದಲ್ಲಿ ದಾಸರು ದಂಗೆಯೆದ್ದರು; ಅವರು ಮದ್ದಳೆ ಬಾರಿಸುತ್ತ ನಡೆದರೆಂಬ ಕಾರಣದಿಂದ ಮರುವರ್ಷವೇ ಅಲ್ಲಿ ದಾಸರ ಮದ್ದಳೆಗಳನ್ನು ಕಾಯಿದೆಯಿಂದ ನಿಷೇಧಿಸಿದರು. ಮದ್ದಳೆ ಹೋದ ಮೇಲೆ ಲಯವು ಅಂಗೈ, ತೊಡೆ, ಪಾದಗಳಿಗೆ ಇಳಿಯಿತು. ಹಾಡಿನ ಮಾತು ಪೆಟ್ಟಿಗೆ ಮುಂಚೆಯೂ ಹಿಂದೆಯೂ ಜಾರಿ ಬೀಳುವ ರೀತಿಯಲ್ಲಿ ಉಳಿಯಿತು. ದಾಸ್ಯವು ತೊಲಗಿದ ಮೇಲೆ, 1866ರಲ್ಲಿ, ಬಿಡುಗಡೆಯಾದವರ ಮಕ್ಕಳಿಗಾಗಿ ನ್ಯಾಶ್‌ವಿಲ್ ನಗರದಲ್ಲಿ ಫಿಸ್ಕ್ ಎಂಬ ಶಾಲೆಯು ಸ್ಥಾಪಿತವಾಯಿತು. ಐದು ವರ್ಷಗಳಲ್ಲಿ ಹಣವಿಲ್ಲದೆ ಅದು ಮುಚ್ಚುವ ಸ್ಥಿತಿಗೆ ಬಂದಿತು. ಶಾಲೆಯ ಖಜಾಂಚಿಯೂ ಸಂಗೀತ ಕಲಿಸುವವರೂ ಆಗಿದ್ದ ಜಾರ್ಜ್ ವೈಟರು 1871ರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು, ಹಾಡಿ ಹಣ ಕೂಡಿಸಲು ಹೊರಟರು. ಮೊದಮೊದಲು ಅವರು ಹಾಡಿದ್ದು ಬಹುಮಟ್ಟಿಗೆ ಬಿಳಿಯರ ಹಾಡುಗಳನ್ನೇ. ತಂದೆತಾಯಿಗಳು ದಾಸ್ಯದಲ್ಲಿ ಹಾಡಿದ್ದ ಹಾಡುಗಳನ್ನು ನಾಲ್ಕು ಜನರ ಮುಂದೆ ಹಾಡಲು ಆ ಮಕ್ಕಳಿಗೆ ಮನಸ್ಸಿರಲಿಲ್ಲ. ಅವು ಮರೆಯಬೇಕಾದ ಕಾಲಕ್ಕೆ ಸೇರಿದುವೆಂದು ತಾವೆಲ್ಲ ಎಣಿಸಿದ್ದುದನ್ನು ಆ ಮೇಳದ ಎಲ್ಲಾ ಶೆಪರ್ಡ್ ಎಂಬಾಕೆಯು ಮುಂದೆ ಬರೆದಿಟ್ಟಿದ್ದಾಳೆ. ಆದರೆ ಜನರ ಮನಸ್ಸನ್ನು ಕರಗಿಸಿದುವು ಆ ಹಾಡುಗಳೇ. ಅವುಗಳನ್ನು 1872ರಲ್ಲಿ ಸ್ವರಪಡಿಸಿ ಅಚ್ಚುಹಾಕಿಸಿದ ಥಿಯೋಡರ್ ಸ್ಯೂಅರ್ಡರು ಮುನ್ನುಡಿಯಲ್ಲಿ ಮೊದಲು ಎತ್ತಿ ಹೇಳಿದ ವಿಶೇಷವೇ ಅವುಗಳ ಲಯ. 1873ರಲ್ಲಿ ಅವರು ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಕೂಡಿಬಂದ ಹಣದಿಂದ ಕಟ್ಟಿದ ಜೂಬಿಲೀ ಹಾಲ್ ಎಂಬ ಭವನವು 1876ರಲ್ಲಿ ಮುಗಿದು, ಇಂದಿಗೂ ನಿಂತಿದೆ.

ಅದೇ ಜನರ ಅದೇ ಲಯದಿಂದ ಮುಂದೆ ರ್‍ಯಾಗ್‌ಟೈಂ, ಜಾಸ್ ಎಂಬ ಸಂಗೀತಗಳು ಹುಟ್ಟಿದುವು. ಸ್ಕಾಟ್ ಜಾಪ್ಲಿನನ ‘ಮೇಪಲ್ ಲೀಫ್ ರ್‍ಯಾಗ್’ ಎಂಬ ಪಿಯಾನೋ ರಚನೆಯು 1899ರಲ್ಲಿ ಅಚ್ಚಾಯಿತು. ಅದರಲ್ಲಿ ಎಡಗೈಯು ಗಡಿಯಾರದಂತೆ ನಡೆಯುತ್ತಿರುವಾಗ ಬಲಗೈಯು ಪೆಟ್ಟುಗಳ ನಡುವೆ ನುಸುಳಿ ಓಡುತ್ತದೆ. ನಮ್ಮವರು ತೊಡೆಯ ಮೇಲೆ ತಾಳ ಹಾಕುತ್ತ ಒಂದೂವರೆಯಲ್ಲಿ ಹಾಡನ್ನೆತ್ತುವುದಕ್ಕೂ ಇದಕ್ಕೂ ದೂರವೆಷ್ಟು? ನ್ಯೂ ಆರ್ಲಿಯನ್ಸ್ ಪಟ್ಟಣದ ಹಳೆಯ ಜಾಸಿನಲ್ಲಿಯೂ ಕ್ಯೂಬಾದ ನೃತ್ಯಗಳಲ್ಲಿಯೂ ನಮ್ಮ ಡಬ್ಬಿಯ ಮುಚ್ಚಳದ ಮೂರು ಮೂರು ಎರಡೇ ಮತ್ತೆ ಮತ್ತೆ ಕೇಳಿಬರುತ್ತದೆ. ಆ ಲಯವನ್ನು ಕೇಳಿ ಹೆದರಿದವರೂ ಇದ್ದರು. 1921ರ ಆಗಸ್ಟ್ ತಿಂಗಳಲ್ಲಿ ಅಮೇರಿಕದ ಒಂದು ಹೆಂಗಸರ ಮಾಸಪತ್ರಿಕೆಯಲ್ಲಿ ಆನ್ ಶಾ ಫಾಕ್ನರ್ ಎಂಬ ಸಂಗೀತ ಬೋಧಕಿಯು, ಇಂಥ ಲಯವು ತರುಣ ತರುಣಿಯರ ನಡತೆಯನ್ನೇ ಕೆಡಿಸುವುದೆಂದು ವಾದಿಸಿದಳು. ಆಕೆಯನ್ನು ನಾವು ಪರಿಹಾಸ್ಯ ಮಾಡಲಾರೆವು. ಮೂರನೆಯ ಸಾಲಿನ ಹುಡುಗಿಯನ್ನು ಹಿಂದಕ್ಕೆ ಕಳುಹಿಸಿದ ದಿನ ನಾವೂ ಆಕೆಯ ಪಕ್ಷದಲ್ಲಿಯೇ ಇದ್ದೆವು.

ದೂರದ ಮಾತು ಸಾಕು. ನಮ್ಮ ಬೆಂಗಳೂರಿನಲ್ಲಿಯೇ ಈ ಎರಡು ಧಾರೆಗಳೂ ಕೂಡಿವೆ. ಟಿ. ಎ. ಎಸ್. ಮಣಿಯವರು 1964ರಲ್ಲಿ ಇಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದರು. ಅವರ ಮೇಳವೂ, ಅವರ ಪತ್ನಿ ಗಾಯಕಿ ಆರ್. ಎ. ರಮಾಮಣಿಯವರೂ ಅಮೇರಿಕದ ಜಾಸ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ ಕೂಡಿ ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯು 1983ರಲ್ಲಿ ಹೊರಬಂದಿತು. ಮಣಿಯವರು 2020ರಲ್ಲಿ ತೀರಿಕೊಂಡರು. ನಮ್ಮ ಹುಡುಗಿಯರು ಇನ್ನೊಬ್ಬರನ್ನು ಅರಿತಿರಬೇಕು: ಘಟ ವಿದುಷಿ ಸುಕನ್ಯಾ ರಾಮಗೋಪಾಲ್ ಅವರು. ಹೆಣ್ಣಿನ ಬೆರಳಿಗೆ ಮಣ್ಣಿನ ಘಟವು ಬಲು ಗಟ್ಟಿಯೆಂದು ಹೇಳುತ್ತಿದ್ದ ಕಾಲದಲ್ಲಿ ಅವರು ಘಟವನ್ನು ಸಾಧಿಸಿ, ಬೆಂಗಳೂರಿನಲ್ಲಿ ನೆಲೆಸಿ, ಹೆಂಗಸರೇ ನುಡಿಸುವ ‘ಸ್ತ್ರೀ ತಾಳ ತರಂಗ’ವೆಂಬ ಮೇಳವನ್ನು ಕಟ್ಟಿದರು. ತಾಳವಾದ್ಯವು ಹೆಣ್ಣುಮಕ್ಕಳಿಗೆ ಒಪ್ಪದೆಂದು ನಮ್ಮ ಆಡಳಿತ ಮಂಡಳಿಯ ಹಿರಿಯರೊಬ್ಬರು ಆಕ್ಷೇಪಿಸಿದಾಗ ನಾವು ಈ ಹೆಸರೊಂದನ್ನು ಹೇಳಿ ಸುಮ್ಮನಾದೆವು.

ತಮಟೆಯ ಆಕ್ಷೇಪವು ಅಷ್ಟು ಸುಲಭವಾಗಿ ತೀರುವಂಥದಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಇದನ್ನು ಹುಡುಗಿಯ ತಂದೆಗೆ ಹೇಳಿದೆವು. “ಅವರಿಗೆ ಬಂತು, ಸಂತೋಷ” ಎಂದು ಅವರು ಹೇಳಿದರು; ಅದರಾಚೆಗೆ ಒಂದು ಮಾತೂ ಇಲ್ಲ. ಅವರ ಮಾತು ಸರಿಯಾದುದೇ. ಪ್ರಶಸ್ತಿಯು ಒಬ್ಬರಿಗೆ ಬಂದ ಮಾತ್ರಕ್ಕೆ ಎಲ್ಲ ಅಂಗಳಗಳಲ್ಲಿಯೂ ಎಲೆ ಹಾಕುವ ರೀತಿಯು ಬದಲಾಗಿಬಿಡುವುದಿಲ್ಲ. ‘ನಿಮ್ಮ ಪರಂಪರೆ, ನೀವೇ ಉಳಿಸಿಕೊಳ್ಳಿರಿ’ ಎಂದು ಹೇಳುವುದು ಕೇಳುವುದಕ್ಕೆ ಇಂಪು. ಆದರೆ ಜನ್ಮದಿಂದ ಕೆಲಸವನ್ನು ಹಂಚಿದ ಹಳೆಯ ಕಟ್ಟಿಗೂ ಈ ಮಾತಿಗೂ ಭೇದವು ಬಹಳವಿಲ್ಲ. ತಾತನು ಬಾರಿಸಿದನೆಂಬ ಕಾರಣಕ್ಕೆ ಮೊಮ್ಮಗಳ ಕೈಗೆ ತಮಟೆಯನ್ನು ಕೊಟ್ಟು, ಉಳಿದ ಮೂವತ್ತೊಂಬತ್ತು ಮಂದಿಯನ್ನು ನೋಡಲು ಕೂರಿಸುವುದು ಅನ್ಯಾಯ. ಕಲಿಸುವುದಾದರೆ ನಲವತ್ತು ಮಂದಿಗೂ ಕಲಿಸಬೇಕು. ಬೆರಳೆಣಿಕೆ, ಜತಿ, ಎಡುಪುಗಳೊಡನೆ, ಗಣಿತದ ಪಾಠದಷ್ಟೇ ಗಾಂಭೀರ್ಯದಿಂದ ಕಲಿಸಬೇಕು. ಅಂಕಪಟ್ಟಿಯಲ್ಲಿ ಅದಕ್ಕೂ ಒಂದು ಅಂಕಣವಿರಬೇಕು. ಪುರೋಹಿತರ ಮಗಳೂ ಪಾದ್ರಿಗಳ ಮಗಳೂ ವರ್ತಕರ ಮಗಳೂ ಕಾದ ತೊಗಲಿನ ಮೇಲೆ ಕೈಯಿಟ್ಟು ತಪ್ಪಿ ತಿದ್ದಿಕೊಳ್ಳಬೇಕು. ಇಲ್ಲವಾದರೆ ತಮಟೆಯು ಶಾಲೆಗೆ ಬರುವುದೇ ಬೇಡ.

ಈ ಅಭಿಪ್ರಾಯವನ್ನು ತಂದೆಯವರ ಮುಂದೆ ಇಟ್ಟೆವು. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, “ಎಲ್ಲಾರ ಮಕ್ಕಳೂ ಹಿಡೀತಾರಾ? ಹಿಡಿದ್ರೆ ನೋಡೋಣ” ಎಂದರು. ಕೆಲವರು ತಾಯಂದಿರು ಒಪ್ಪಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಂಥವರೊಡನೆ ನಾವು ವಾದಕ್ಕೆ ಹೋಗಲಿಲ್ಲ. ಸಂಗೀತದ ಅವಧಿಯು ಎಲ್ಲರಿಗೂ ಕಡ್ಡಾಯವೆಂದು ಮಾತ್ರ ಬರೆದು ಕಳುಹಿಸಿದೆವು.

ನಮ್ಮ ಬೇಗೂರು ಶಾಸನಗಳಿಂದ ಹೆಸರಾದ ಊರು. ನಾಗೇಶ್ವರ ದೇವಾಲಯದಲ್ಲಿರುವ ಸುಮಾರು 890ರ ಕಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಮಾತು ಇರುವುದರಿಂದ, ಬೆಂಗಳೂರೆಂಬ ಹೆಸರು ಸಾವಿರದ ನೂರು ವರ್ಷಗಳಷ್ಟು ಹಳೆಯದೆಂದು ತಿಳಿದುಬಂದಿತು. ಪ್ರತಿ ವರ್ಷ ನಾವು ಹುಡುಗಿಯರನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸುತ್ತೇವೆ. ಕಾಳಗಕ್ಕೂ ದಾನಕ್ಕೂ ಕಲ್ಲು ದೊರೆಯಿತು. ಆ ಕಾಳಗದಲ್ಲಿ ಯಾವ ಮದ್ದಳೆ ಮೊಳಗಿತು, ಅದರ ಗತ್ತು ಎಂಥದು ಎಂಬುದನ್ನು ಯಾರೂ ಕೆತ್ತಲಿಲ್ಲ. ಅಂಥ ವಿದ್ಯೆಗಳು ಕೈಯಿಂದ ಕೈಗೆ ದಾಟಿಯೇ ಬರತಕ್ಕವು.

ಕಳೆದ ಜೂನ್ ತಿಂಗಳಿಂದ ಎಂಟನೆಯ ತರಗತಿಗೆ ಶುಕ್ರವಾರದ ಕೊನೆಯ ಅವಧಿಯು ಲಯಪಾಠಕ್ಕೆ ಮೀಸಲಾಗಿದೆ. ಮೊದಲ ಮೂರು ತಿಂಗಳು ಬರಿಗೈ ಮತ್ತು ಬಾಯಿ: ತಕಿಟ, ತಕಧಿಮಿ, ತದಿಗಿಣತೊಂ. ಆಮೇಲೆ ಸಮದಲ್ಲಿ ಹಾಡಿದ ಹಾಡನ್ನೇ ಅರ್ಧ ಎಣಿಕೆ ತಡೆದು ಎತ್ತುವುದು. ಇದನ್ನು ಮೊದಲ ಸಲ ಮಾಡಿದ ದಿನ ತರಗತಿಯು ಸಂತೆಯಂತಾಯಿತು. ಸಂಗೀತದ ಉಪಾಧ್ಯಾಯಿನಿಯವರು ನಗುತ್ತ ಹಾರ್ಮೋನಿಯಂ ಮುಚ್ಚಿಬಿಟ್ಟರು. ನಾಲ್ಕನೆಯ ವಾರಕ್ಕೆ ಅರ್ಧಕ್ಕರ್ಧ ಹುಡುಗಿಯರಿಗೆ ಬಂದಿತು. ಆ ದಿನ ಹಿಂದಿನ ಸಾಲಿಗೆ ಹೋದವಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ತನ್ನ ತರಗತಿಯನ್ನು ಬಿಟ್ಟು ಬರಲು ಅನುಮತಿ ಕೇಳಿ, ತಪ್ಪುವವರ ಮುಂದೆ ಕುಳಿತು ತೊಡೆ ತಟ್ಟಿ ತೋರಿಸುತ್ತಾಳೆ.

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಅವಳ ತಾತನವರು ಬಂದರು. ಕರೆದುಕೊಂಡು ಬಂದವರು ಆ ತಂದೆಯವರೇ. ಹುಡುಗಿಯರು ಕುರ್ಚಿ ಹಾಕಿದರು. ಮುದುಕರು ಮಗನ ಮುಖವನ್ನು ನೋಡಿ, ಆಮೇಲೆ ಕುಳಿತರು. ಅಂಗಳದಲ್ಲಿ ತರಗುಟ್ಟೆಲೆಗಳ ಸಣ್ಣ ಉರಿಯನ್ನು ಮಾಡಿಸಿ, ತಮಟೆಯ ತೊಗಲನ್ನು ಅದಕ್ಕೆ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ಶ್ರುತಿಯನ್ನು ಏರಿಸಿದರು. ಬಲಗೈಗೆ ಗಿಡ್ಡನೆಯ ದಪ್ಪ ಕೋಲು, ಎಡಗೈಗೆ ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ಭಾರವನ್ನು ಹೊತ್ತು ನಡೆಯುತ್ತದೆ, ತೆಳು ಕಡ್ಡಿಯು ಅದರ ಎಡೆಗಳಲ್ಲಿ ಮಾತಾಡುತ್ತದೆ. ಜಾಪ್ಲಿನನ ಎರಡು ಕೈಗಳು ನಮಗೆ ನೆನಪಾದುವು. ಒಂದು ಗಂಟೆಯ ಮೇಲೆ ಹುಡುಗಿಯರು ಸರದಿಯಂತೆ ಹಿಡಿದರು. ಒಪ್ಪದೆ ಇದ್ದ ತಾಯಂದಿರ ಮಕ್ಕಳಲ್ಲಿ ಇಬ್ಬರು ಮೊದಲೇ ಬಂದು ಸಾಲಿನಲ್ಲಿ ನಿಂತಿದ್ದರು. ಕಡೆಗೆ ನಮ್ಮನ್ನೂ ಬಿಡಲಿಲ್ಲ. ಮೂರು, ಮೂರು, ಎರಡು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಾರಿಸಿದೆವು. ತಾತನವರು ನಾಲ್ಕು ಆವರ್ತ ಕೇಳಿ, “ಅಮ್ಮಾವ್ರು ಎರಡನೇ ಮೂರಕ್ಕೆ ಆತುರ ಬೀಳ್ತಾರೆ” ಎಂದರು. ಹುಡುಗಿಯರೆಲ್ಲ ನಕ್ಕರು. ಆ ಆತುರವು ನಮ್ಮ ಕೈಯಿಂದ ಇನ್ನೂ ಪೂರ್ತಿಯಾಗಿ ಹೋಗಿಲ್ಲ.